ಒಂದು ಉದ್ದ, ಒಂದು ಗಿಡ್ಡ

"ಅಷ್ಟು ಮೇಲೆ ಹಿಡಿದ್ರೆ ತುಂಬಾ ದೂರದ ಊರಿಗೆ ಮದುವೆ ಆಗಿ ಹೋಗ್ತೀರ ಮೇಡಂ!"

ರುಯಿಲಾನ್ ತಲೆ ಎತ್ತಿದಳು. ಚೀನಾದ ಶಾವೊಶಿಂಗ್‌ನ ಕಾಲುವೆ ಪಕ್ಕ ಅಜ್ಜಿಯ ಹೋಟೆಲು. ಎದುರು ಮೇಜಿನ ಆರಡಿ ಗಿರಾಕಿ ಅವಳ ಕೈಯಲ್ಲಿದ್ದ ಚಾಪ್‌ಸ್ಟಿಕ್ ಕಡ್ಡಿಗಳನ್ನೇ ನೋಡುತ್ತಿದ್ದ. ಅವಳ ಬೆರಳುಗಳಿದ್ದದ್ದು ಕಡ್ಡಿಗಳ ತುತ್ತತುದಿಯಲ್ಲಿ!

"ಎಷ್ಟು ದೂರ ಅಂತಾನೂ ಹೇಳಿಬಿಡಿ ಜೋಯಿಸರೇ!"

"ಈ ಅಳತೆ ನೋಡಿದ್ರೆ... ಎರಡು ಸಾವಿರ ಚಿಲ್ಲರೆ ಕಿಲೋಮೀಟರ್. ಹಾರ್ಬಿನ್! ಅಂದಹಾಗೆ, ನಾನು ಬೋವೆನ್. ಊರು... ಹಾರ್ಬಿನ್!"

ಅಬ್ಬಾ, ಏನು ಧೈರ್ಯ! ಎದೆಯೊಳಗೆ ಯಾರೋ ಪಟಾಕಿ ಸರಕ್ಕೆ ಬೆಂಕಿ ಇಟ್ಟಂತಾಯಿತು ಅವಳಿಗೆ.

ಟಣ್! ಅಜ್ಜಿಯ ಸೌಟು ಬಾಣಲೆಗೆ ಬಡಿಯಿತು.

"ಕೆಳಗೆ ಹಿಡಿಯೇ! ನಿಮ್ಮತ್ತೆ ಹಿಂಗೇ ಹಿಡಿದು ಹಿಡಿದು ದೂರ ಹೋದವಳು, ಹೊಸ ವರ್ಷಕ್ಕೂ ಮುಖ ತೋರಿಸಲ್ಲ!"

ಬೋವೆನ್ ಬಂದಿದ್ದು ಹಳೇ ಕಲ್ಲುಸೇತುವೆಯ ರಿಪೇರಿಗೆ. ಮೂರು ತಿಂಗಳು, ದಿನಾ ಮಧ್ಯಾಹ್ನ ಅದೇ ಮೇಜು. ಅಜ್ಜಿಗೆ ಅನುಮಾನ ಬಂತೋ, ಅವನಿಗೆ ಹೋಟೆಲಿನ ಬಾಗಿಲೇ ಬಂದ್! ಅದಕ್ಕೇ ರುಯಿಲಾನ್ ಅವನೆದುರು ಕಡ್ಡಿಗಳನ್ನು ಕೆಳತುದಿಯಲ್ಲೇ ಹಿಡಿದು, ಬೆರಳಿಗೆಲ್ಲ ಸಾರು ಮೆತ್ತಿಕೊಂಡು ಉಣ್ಣುತ್ತಿದ್ದಳು.

ಆದರೆ ಆ ಪುಣ್ಯಾತ್ಮ ಮೂರು ತಿಂಗಳೂ ಓದಿದ್ದು ಅವಳ ಬೆರಳುಗಳನ್ನೇ!

"ಅರ್ಥ ಆಯ್ತು ಬಿಡಿ," ಅಂದ ಒಂದು ದಿನ ಮೆಲ್ಲಗೆ. "ಊರು ಬಿಟ್ಟು ಬರೋ ಮನಸ್ಸಿಲ್ಲ ನಿಮಗೆ. ನನ್ನ ಕೆಲಸಾನೂ ಮುಗೀತು. ನಾಳೆ ಎರಡು ಗಂಟೆ ಟ್ರೈನು."

'ಅಯ್ಯೋ ದಡ್ಡ!' ಎಂದು ಕೂಗಬೇಕೆನಿಸಿತು... ಬೆನ್ನ ಹಿಂದೆಯೇ ಅಜ್ಜಿ!

ಮರುದಿನ, ಒಂದೂಕಾಲು. ಬೋವೆನ್‌ನ ಕಾಲ ಬಳಿ ಸೂಟ್‌ಕೇಸು. ರುಯಿಲಾನ್ ಅವನ ಬಟ್ಟಲಿನ ಪಕ್ಕ ಕಡ್ಡಿಗಳನ್ನಿಟ್ಟು ಉಸಿರು ಬಿಗಿಹಿಡಿದಳು.

ಒಂದು ಉದ್ದ. ಒಂದು ಗಿಡ್ಡ.

ಬೋವೆನ್ ಕಣ್ಣರಳಿಸಿದ. "ಇಂಥ ಜೋಡಿ ಸಿಕ್ಕಿದವನಿಗೆ ಟ್ರೈನ್ ತಪ್ಪುತ್ತೆ ಅಂತಾರಲ್ರೀ!"

"ಗೊತ್ತು."

"ಕಣ್ತಪ್ಪಿ ಇಟ್ರಾ?"

"ಇನ್ನೂರು ಕಡ್ಡಿ ತಡಕಾಡಿ, ಆರಿಸಿ ಇಟ್ಟೆ!"

ಅಜ್ಜಿಯ ಸೌಟು ಗಾಳಿಯಲ್ಲೇ ನಿಂತಿತು.

ರುಯಿಲಾನ್ ಅವನೆದುರು ಕೂತಳು. ತನ್ನ ಕಡ್ಡಿಗಳನ್ನೆತ್ತಿ, ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು, ಬೆರಳುಗಳನ್ನು ಮೇಲಕ್ಕೆ... ಇನ್ನೂ ಮೇಲಕ್ಕೆ ಸರಿಸಿದಳು. ಹಿಡಿದಿದ್ದ ಮಾಂಸದ ತುಂಡು ಪುಳಕ್ಕನೆ ಸಾರಿಗೆ ಬಿತ್ತು.

"ಅಜ್ಜೀ... ಹೊಸ ವರ್ಷಕ್ಕೆ ಬಂದೇ ಬರ್ತೀನಿ. ನಿನ್ನಾಣೆ!"

ಅಜ್ಜಿ ಸೌಟು ಕೆಳಗಿಟ್ಟಳು. ಹತ್ತಿರ ಬಂದು, ಮೊಮ್ಮಗಳ ಬೆರಳುಗಳನ್ನು ಹಿಡಿದು ಕೂದಲೆಳೆಯಷ್ಟು ಮೇಲೆ ಸರಿಸಿದಳು.

"ಹಾರ್ಬಿನ್ ಅಂದ್ರೆ ಅಷ್ಟು ದೂರ ಕಣೇ... ಸರಿಯಾಗಿ ಹಿಡಿ." ಕಣ್ಣೊರೆಸಿಕೊಂಡು ತಿರುಗಿದಳು. "ಲೋ ಉದ್ದಪ್ಪ! ಹಬ್ಬಕ್ಕೆ ಇವಳನ್ನ ಕರ್ಕೊಂಡು ಬರ್ಲಿಲ್ಲಾಂದ್ರೆ ನಿನ್ನ ಸೇತುವೇನೇ ಕೆಡವಿಬಿಡ್ತೀನಿ!"

ಊಟ ಮುಗಿಯುವಷ್ಟರಲ್ಲಿ ಗೋಡೆಯ ಗಡಿಯಾರ ಎರಡು ಹೊಡೆಯಿತು.

"ನಿನ್ನ ಟ್ರೈನ್ ಹೋಯ್ತಲ್ಲೋ..." ರುಯಿಲಾನ್ ನಕ್ಕಳು.

"ಹೋಗ್ಲಿ ಬಿಡು. ಮದುವೆ ಆದ್ಮೇಲೆ ಎರಡು ಟಿಕೆಟ್ ತಗೊಳ್ತೀನಿ," ಬೋವೆನ್ ಅವಳ ಸಾರು ಮೆತ್ತಿದ ಬೆರಳನ್ನು ಮೆಲ್ಲಗೆ ಹಿಡಿದ. "ಆವತ್ತು ಮಾತ್ರ ಸಮ ಜೋಡಿ ಇಡು ಮಾರಾಯ್ತಿ!"