ಅಲೆಗುಡ್ಡದ ಹರಳುಶಂಖ

ಬಹಳ ಹಿಂದೆ, ಸಮುದ್ರವು ಬೆಟ್ಟದ ನೆತ್ತಿಯಿಂದ ಇಳಿದುಹೋಗಿ ಯುಗಗಳೇ ಕಳೆದ ಮೇಲೆ, ಅಲೆಗುಡ್ಡ ಎಂಬ ರಾಜ್ಯವಿತ್ತು. ನೀರು ಹೋದರೂ ನೀರಿನ ಶಂಖಗಳು ಹೋಗಿರಲಿಲ್ಲ. ಕಲ್ಲಾಗಿ ಬಂಡೆಯೊಳಗೇ ಕೂತಿದ್ದವು. ಸೀಳಿದರೆ ಒಳಗೆಲ್ಲ ಹರಳು! ಆ ರಾಜ್ಯದಲ್ಲಿ ಮನೆಮನೆಯ ಕಿಟಕಿಗೂ ಹರಳುಶಂಖದ ಹೋಳುಗಳನ್ನೇ ಕೂರಿಸುತ್ತಿದ್ದರು.

ಶಂಖ ಹೆಕ್ಕುವವರಲ್ಲಿ ಹೊನ್ನಾಬೆ ಎಂಬವಳೂ ಅವಳ ತಮ್ಮ ಸೋವಣ್ಣನೂ ಇದ್ದರು. ಅವರ ಕಸುಬಿನ ರೀತಿಯೇ ಬೇರೆ. ಮೊದಲು ಸೋರೆಬುರುಡೆಯ ನೀರನ್ನು ಬಂಡೆಗೆ ಚಿಮುಕಿಸಬೇಕು. ಒದ್ದೆಯಾದರೆ ಶಂಖದ ಸುರುಳಿ ಎದ್ದು ಕಾಣುತ್ತದೆ. ಬಿಡಿಸಿದ ಮೇಲೆ ತಟ್ಟಿ ನೋಡಬೇಕು. ಗಟ್ಟಿ ಸದ್ದು ಬಂದರೆ ಒಳಗೆ ಹರಳಿದೆ, ಬುಟ್ಟಿಗೆ ಹಾಕು. ಟೊಳ್ಳು ಸದ್ದು ಬಂದರೆ ಹೆಗಲ ಮೇಲಿಂದ ಹಿಂದಕ್ಕೆಸೆ. ಹೊನ್ನಾಬೆ ಹಾಡಿದರಂತೂ ಬಂಡೆಯೇ ಸಡಿಲಾಗಿ ಶಂಖ ಬಿಟ್ಟುಕೊಡುತ್ತಿತ್ತು.

ಇದನ್ನು ಕಂಡು ಕಂಟಕಾಕ್ಷನೆಂಬ ಮಾಂತ್ರಿಕನಿಗೆ ಹೊಟ್ಟೆ ಉರಿಯಿತು. ಅವನ ಮಂತ್ರಕ್ಕೆ ಬಂಡೆಯ ಚೂರೂ ಕದಲುತ್ತಿರಲಿಲ್ಲ, ಪಾಪ! ಒಂದು ದಿನ ಹೊನ್ನಾಬೆ ಮಗುವಿಗೆ ಜೋಗುಳ ಹಾಡುತ್ತಿದ್ದಾಗ, ಅವಳ ಬಾಯಿಗೆ ಕಲ್ಲುಶಂಖವೊಂದನ್ನು ಹಿಡಿದು "ಹೀರು!" ಎಂದ. ಅವಳ ದನಿಯೆಲ್ಲ ಶಂಖಕ್ಕಿಳಿಯಿತು. ಶಂಖದ ಬಾಯಿಗೆ ಕಲ್ಲುಬಣ್ಣದ ಮೇಣ ಮೆತ್ತಿ, ಬೆಟ್ಟದ ಬಿರುಕಿನಲ್ಲೆಲ್ಲೋ ತುರುಕಿಟ್ಟ.

ಅಂದಿನಿಂದ ಹೊನ್ನಾಬೆ ಮೂಕಿಯಾದಳು. ಕೂಸು ಅಮ್ಮನ ದನಿಯಿಲ್ಲದೆ ನಿದ್ದೆಯನ್ನೇ ಬಿಟ್ಟಿತು. ಅತ್ತು ಅತ್ತು ಸೊರಗಿತು. ಇದನ್ನು ನೋಡಲಾರದೆ ಸೋವಣ್ಣ ಎದ್ದ.

"ಅಳಬೇಡ ಅಕ್ಕ, ನಿನ್ನ ದನಿ ತಂದೇ ತರ್ತೀನಿ" ಎಂದವನೇ ಉಳಿ, ಸುತ್ತಿಗೆ, ಸೋರೆಬುರುಡೆ ಹೊತ್ತು ಹೊರಟ.

ಗುಡ್ಡದ ನೆತ್ತಿಯಲ್ಲಿ ಕಂಟಕಾಕ್ಷ ಕೂತಿದ್ದ. ಹತ್ತಿರದಲ್ಲೇ ಎಮ್ಮೆಯಷ್ಟು ದೊಡ್ಡ ಕಲ್ಲಿನ ಏಡಿ, ಸಮುದ್ರದ ಕಾಲದಿಂದ ಉಳಿದು ಅವನ ಮಂತ್ರಕ್ಕೆ ಕಟ್ಟುಬಿದ್ದದ್ದು, ಕಾವಲಿಗಿತ್ತು.

"ಮೂರು ಶಂಖ ಆರಿಸಿಕೋ" ಎಂದ ಮಾಂತ್ರಿಕ. "ಅಕ್ಕನ ದನಿ ಸಿಕ್ಕರೆ ಒಯ್ಯಿ. ತಪ್ಪಿದರೆ ಸಲಕ್ಕೊಂದು ಪಾಲು ನಿನ್ನ ದನಿಯೂ ನನ್ನದು."

"ಆಗಲಿ ಸ್ವಾಮಿ! ಹುಟ್ಟಿದಾಗಿಂದ ಶಂಖ ತಟ್ಟಿದ ಕೈ ಇದು" ಎಂದ ಸೋವಣ್ಣ.

ನೀರು ಚಿಮುಕಿಸಿದ, ಬಿಡಿಸಿದ, ತಟ್ಟಿದ. ಟೊಳ್ಳಾದದ್ದನ್ನು ಹಿಂದಕ್ಕೆಸೆದ, ಗಟ್ಟಿಯಾದದ್ದನ್ನು ಸೀಳಿದ. ಒಳಗೆ ಕಲ್ಲುಸಕ್ಕರೆಯಂಥ ಬಿಳಿ ಹರಳು. ದನಿ ಮಾತ್ರ ಇಲ್ಲ! ಸೋವಣ್ಣನ ಗಂಟಲು ಅರ್ಧ ಕಟ್ಟಿತು.

ಮತ್ತೆ ನೀರು ಚಿಮುಕಿಸಿದ, ಬಿಡಿಸಿದ, ತಟ್ಟಿದ. ಟೊಳ್ಳಾದದ್ದನ್ನು ಹಿಂದಕ್ಕೆಸೆದ, ಗಟ್ಟಿಯಾದದ್ದನ್ನು ಸೀಳಿದ. ಒಳಗೆ ಜೇನುಬಣ್ಣದ ಹರಳು. ದನಿ ಈಗಲೂ ಇಲ್ಲ! ಸೋವಣ್ಣನಿಗೆ ಪಿಸುಮಾತಷ್ಟೇ ಉಳಿಯಿತು.

ನೋಡಿದಿರಾ, ಅಭ್ಯಾಸ ಅನ್ನೋದು ಜಾಣನನ್ನೂ ಕೋಣ ಮಾಡುತ್ತೆ! ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ಸೋವಣ್ಣ ಮಾತ್ರ ಎದೆಗುಂದಲಿಲ್ಲ. ಸುತ್ತಿಗೆ ಕೆಳಗಿಟ್ಟು ಯೋಚಿಸಿದ: 'ತುಂಬಿದ ಕೊಡಕ್ಕೆ ಇನ್ನೊಂದು ಕೊಡ ನೀರು ಹಿಡಿಸೀತೆ? ಹರಳು ತುಂಬಿದ ಶಂಖದಲ್ಲಿ ದನಿ ಕೂರೋದಾದರೂ ಎಲ್ಲಿ?'

ಥಟ್ಟನೆ ಹಿಂದಿರುಗಿ ನೋಡಿದ. ಅಷ್ಟೊಂದು ಹರಳಿನ ಕಡೆ ಕಣ್ಣೂ ಹಾಯಿಸದ ಏಡಿ, ಅವನೆಸೆದ ಟೊಳ್ಳು ಶಂಖವೊಂದನ್ನು ಹೊಟ್ಟೆಯಡಿ ಅವುಚಿಕೊಂಡು ಕೂತಿತ್ತು!

ಸೋವಣ್ಣ ಬುರುಡೆಯಲ್ಲಿ ಉಳಿದಿದ್ದ ನೀರನ್ನೆಲ್ಲ ಏಡಿಯ ಬೆನ್ನಿಗೆ ಸುರಿದ. ಎಷ್ಟು ಯುಗದ ಬಾಯಾರಿಕೆಯೋ ಏನೋ! ಏಡಿ ಕಾವಲು ಮರೆತು, ಕಾಲೆತ್ತಿ ಕುಣಿಯಿತು. ಸೋವಣ್ಣ ಶಂಖ ಕಿತ್ತುಕೊಂಡು, "ಇದೇ ನನ್ನ ಮೂರನೆಯದು" ಎಂದು ಪಿಸುಗುಟ್ಟಿ, ಉಳಿಯಿಂದ ಮೇಣ ಕೆತ್ತಿದ.

"ಥೂ ದಡ್ಡ! ಟೊಳ್ಳು ಅಂತ ಸ್ವಂತ ಅಕ್ಕನನ್ನೇ ಎಸೆದುಬಿಟ್ಟೆಯಲ್ಲೋ!"

ಹೊನ್ನಾಬೆಯ ದನಿ! ಸೋವಣ್ಣನಿಗೆ ನಗುವೂ ಬಂತು, ಅಳುವೂ ಬಂತು.

"ನೋಡ್ತಾ ನಿಂತೆಯಲ್ಲೋ! ಶಂಖ ಅವನ ಬಾಯಿಗೆ ಹಿಡಿ, 'ಹೀರು' ಅನ್ನು!" ಎಂದು ಗದರಿ, ದನಿ ಗಾಳಿಯಲ್ಲಿ ಮನೆಯತ್ತ ಹಾರಿತು.

ಕಂಟಕಾಕ್ಷ ಎದ್ದು ಮಂತ್ರಕ್ಕೆ ಬಾಯಿ ತೆರೆದ. ಸೋವಣ್ಣ ಶಂಖ ಹಿಡಿದು "ಹೀರು!" ಎಂದ. ಮಂತ್ರ, ದನಿ, ಅಬ್ಬರ ಎಲ್ಲವೂ ಸುರ್ರನೆ ಒಳಗಿಳಿದವು. ಸೋವಣ್ಣ ಅದೇ ಮೇಣವನ್ನು ಬಿಗಿಯಾಗಿ ಮೆತ್ತಿದ. ಮಾಯೆ ಕಳಚಿತು, ಸೋವಣ್ಣನ ದನಿಯೂ ಮರಳಿತು. ಏಡಿ ಗುಡ್ಡವಿಳಿದು ಸಮುದ್ರದ ದಾರಿ ಹಿಡಿಯಿತು.

ಸೋವಣ್ಣ ಓಡೋಡಿ ಮನೆಗೆ ಬಂದು, ಬಾಗಿಲಲ್ಲೇ "ಅಕ್ಕಾ!" ಎಂದು ಕೂಗಿದ.

"ಶ್! ಈಗಷ್ಟೇ ಮಲಗಿದೆ" ಎಂದಳು ಹೊನ್ನಾಬೆ, ತೊಟ್ಟಿಲು ತೂಗುತ್ತ.

ಆಮೇಲಿಂದ ಅಲೆಗುಡ್ಡದಲ್ಲಿ ಟೊಳ್ಳು ಶಂಖವನ್ನೂ ಕಿವಿಗಿಟ್ಟು ಕೇಳದೆ ಯಾರೂ ಎಸೆಯಲಿಲ್ಲ. ಕಂಟಕಾಕ್ಷನಿಗೆ ಬಂಡೆ ತೋಯಿಸಲು ನೀರು ಹೊರುವ ಕೆಲಸ ಕೊಟ್ಟರು. ಬೈಯಲೂ ಬಾಯಿಲ್ಲದೆ ಹೊತ್ತ. ಕಿಟಕಿಗಳಲ್ಲಿ ಬೆಳಕು, ತೊಟ್ಟಿಲಲ್ಲಿ ನಿದ್ದೆ. ಅಕ್ಕ ತಮ್ಮ ಹಾಡುತ್ತ, ಬೈದಾಡುತ್ತ ಸುಖವಾಗಿದ್ದರು.