ನೂರೆಂಟು ಕುಂಬಳಕಾಯಿ ದೂರ

ಅಜ್ಜನ ಅಜ್ಜನೂ ಹುಟ್ಟದ ಕಾಲ. ಬೆಳಗೂರು ಅಂತ ಒಂದು ರಾಜ್ಯ. ಅಲ್ಲಿ ಈರಯ್ಯ ಎಂಬ ಹೂಗಾರನಿದ್ದ. ಅಕ್ಷರ ಬಾರದು. ಹೂ ಕಟ್ಟುವುದು ಬರುತ್ತಿತ್ತು.

ಅವನ ಹೆಂಡತಿ ನೀಲಮ್ಮ ಹುಣಸೆಮರದ ಕೆಳಗೆ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಸಾಸಿವೆಯನ್ನು ಭೂಮಿ ಅನ್ನುವಳು. ಕುಂಬಳಕಾಯಿಯನ್ನು ಸೂರ್ಯ ಅನ್ನುವಳು. ಮಕ್ಕಳು ಅಳೆಯುವರು, ಎಣಿಸುವರು, ಸುತ್ತುವರು. ಈರಯ್ಯ ಮರದ ಆಚೆ ಬದಿ ಕೂತು ಹೂ ಕಟ್ಟುತ್ತ ಕೇಳುವನು.

"ನಿಮ್ಮ ಮೊಳ ದಿನಕ್ಕೊಂದು ಥರ," ಎಂದು ಅವಳು ನಗುವಳು. "ಬೆಳಗ್ಗೆ ಉದ್ದ, ಸಂಜೆ ಗಿಡ್ಡ."

"ಸಂಜೆಗೆ ಕೈ ಸೋತಿರ್ತದೆ ಕಣೇ," ಅನ್ನುವನು ಇವನು.

ಹೀಗಿರಲು ಒಂದು ದಿನ ಮಸಿಕಣ್ಣ ಎಂಬ ಮಾಂತ್ರಿಕ ಬಂದ. ಆಕಾಶಕ್ಕೆ ಕೈ ಹಾಕಿದ. ಸೂರ್ಯನನ್ನೂ ಭೂಮಿಯ ಏಳು ಒಡಹುಟ್ಟು ಗ್ರಹಗಳನ್ನೂ ಕಿತ್ತು ಚೀಲಕ್ಕೆ ತುಂಬಿದ. ಹಗಲು ಕತ್ತಲಾಯಿತು.

"ಮೂರು ಅಳತೆ ಸರಿ ಹೇಳಿದರೆ ಎಲ್ಲ ಹಿಂದಕ್ಕೆ ಕೊಡುವೆ. ತಪ್ಪಿದವರು ಕಲ್ಲು," ಎಂದ.

ನೀಲಮ್ಮ ಹೋದಳು. ಎರಡು ಸರಿ ಹೇಳಿದಳು. ಮೂರನೆಯದಕ್ಕೆ ಅಳತೆಕೋಲು ಹಿಡಿದಳು. ಅಳತೆ ತಪ್ಪಿತು. ಹೇಗೆಂದು ಯಾರಿಗೂ ತಿಳಿಯಲಿಲ್ಲ. ನಿಂತಲ್ಲೇ ಕಲ್ಲಾದಳು.

ಈರಯ್ಯ ಕಲ್ಲಿನ ಮುಡಿಗೆ ಒಂದು ಹೂವಿಟ್ಟ. ಜಾರಿ ಬಿತ್ತು. ಮತ್ತೆ ಇಟ್ಟ. ಮತ್ತೆ ಬಿತ್ತು. ಅವನು ಹೂಬುಟ್ಟಿ ಎತ್ತಿಕೊಂಡು ಮಾಂತ್ರಿಕನ ಬಳಿಗೆ ಹೊರಟ. ಹಿಂದೆಯೇ ಶಾಲೆಯ ಮಕ್ಕಳು ಪಂಜು ಹಿಡಿದು ಹೊರಟರು. ಎಲ್ಲರಿಗಿಂತ ಮುಂದೆ ಕುಂಬಾರರ ಚೆನ್ನಿ. ಬಾಯಿ ಜೋರು.

"ಓಹೋ, ಹೂವಿನವನು! ಮೊಳ ಎಷ್ಟಪ್ಪಾ?" ಎಂದು ಮಸಿಕಣ್ಣ ನಕ್ಕ.

"ನಿನ್ನ ಜುಟ್ಟಿಗೆ ಹೂ ನಿಲ್ಲಲ್ಲ ಬಿಡು," ಎಂದಳು ಚೆನ್ನಿ. ಅವನು ಬೋಳ.

ಮಾಂತ್ರಿಕ ಚೀಲದಿಂದ ನೂರು ಕುಂಬಳಕಾಯಿ ಉರುಳಿಸಿದ. "ಭೂಮಿ ಸಾಸಿವೆಯಷ್ಟಾದರೆ, ಸೂರ್ಯ ಅಡಗಿದ ಕಾಯಿ ಯಾವುದು?"

ಮಕ್ಕಳು ದಾರಕ್ಕೆ ಬೆಲ್ಲದ ನೀರು ಸವರಿದರು. ಸಾಸಿವೆ ಅಂಟಿಸಿದರು, ಒಂದರ ಪಕ್ಕ ಒಂದು. ನೀಲಮ್ಮ ಕಲಿಸಿದಂತೆ ನೂರೊಂಬತ್ತು. ಆ ದಾರವನ್ನು ಒಂದೊಂದು ಕಾಯಿಯ ಅಗಲಕ್ಕೂ ಹಿಡಿದರು. ಸರಿಹೊಂದಿದ್ದು ಒಂದೇ. ಮುಟ್ಟಿದರೆ ಬೆಚ್ಚಗಿತ್ತು.

ಮಾಂತ್ರಿಕ ಹಲ್ಲು ಕಡಿದ. ಆ ಕಾಯಿಯ ಸುತ್ತ ಮಾಯದ ಮೊಲ, ಮಾಯದ ಆಮೆ ಬಿಟ್ಟ. ಮೊಲ ಭೂಮಿಯ ದಾರಿಯಲ್ಲಿ, ಆಮೆ ಗುರುಗ್ರಹದ ದಾರಿಯಲ್ಲಿ. ಮೊಲ ಒಂದು ಸುತ್ತು ಮುಗಿಸಿದ್ದೇ ತಡ, ಎರಡನ್ನೂ ನಿಲ್ಲಿಸಿದ. "ಆಮೆ ಒಂದು ಸುತ್ತು ಬರುವಷ್ಟರಲ್ಲಿ ಮೊಲ ಎಷ್ಟು ಸುತ್ತು?"

ಈರಯ್ಯ ಆಮೆಯ ಸುತ್ತುದಾರಿಯ ಉದ್ದಕ್ಕೂ ಹಾರ ಹಾಸಿದ. ಆಮೆ ನಡೆದಷ್ಟು ಹಾರವನ್ನು ಒಂದು ಮಡಿಕೆ ಮಾಡಿದ. ಉಳಿದದ್ದನ್ನೂ ಅದರಂತೆ ಮಡಿಚಿದ. ಮಕ್ಕಳು ಕೂಗಿ ಎಣಿಸಿದರು. "ಹನ್ನೆರಡು! ಕೊನೇದು ಚೂರು ಗಿಡ್ಡ!"

ಅದೂ ಸರಿ. ಆಮೆ ತಲೆಯಾಡಿಸಿ ಹಾರದ ಕೊನೆಯ ಹೂ ತಿಂದಿತು.

"ಈಗ ಮೂರನೆಯದು," ಎಂದ ಮಸಿಕಣ್ಣ. "ಸೂರ್ಯನಿಂದ ಸರಿಯಾದ ದೂರದಲ್ಲಿ ಈ ಸಾಸಿವೆ ಇಡು."

ಈರಯ್ಯ ಅಭ್ಯಾಸಬಲದಿಂದ ಮೊಳಕ್ಕೆ ಕೈ ಚಾಚಿದ. ಕೈ ಉದ್ದವಾಗತೊಡಗಿತು. ತಿರುಗಿ ನೋಡಿದ. ಮಾಂತ್ರಿಕ ಮೆಲ್ಲಗೆ ಊದುತ್ತಿದ್ದ.

"ಮಾವ, ನಿಮ್ಮ ಮೊಳ ನಂಬಬೇಡಿ!" ಎಂದಳು ಚೆನ್ನಿ. "ನಮ್ಮಮ್ಮನೇ ನಂಬಲ್ಲ!"

ಈರಯ್ಯ ಕೈ ಹಿಂದಕ್ಕೆಳೆದುಕೊಂಡ. ಮರದ ಆಚೆಯಿಂದ ಕೇಳಿದ ಮಾತು ನೆನಪಾಯಿತು. ಸೂರ್ಯನಿಂದ ಭೂಮಿಗೆ, ಸೂರ್ಯನದೇ ಅಗಲದ ನೂರೆಂಟರಷ್ಟು ದೂರ. ದೇವರ ಹಾರಕ್ಕೂ ಹೂ ನೂರೆಂಟೇ. ಅಷ್ಟು ಎಣಿಸಲು ಅವನಿಗೆ ಶಾಲೆ ಬೇಕಿರಲಿಲ್ಲ.

"ಕೋಲೂ ಬೇಡ, ಮೊಳವೂ ಬೇಡ," ಎಂದ. "ಕಾಯಿಯನ್ನು ಕಾಯಿಯಿಂದಲೇ ಅಳೆಯೋಣ."

ಕಾಯಿ ಇದ್ದ ಜಾಗಕ್ಕೆ ಗುರುತು ಹಾಕಿದರು. ಅದರ ಪಕ್ಕ ಅದೇ ಕಾಯಿ ಇಟ್ಟರು, ಎಣಿಕೆಗೆ ಒಂದು ಹೂ. ಮತ್ತೆ ಪಕ್ಕ, ಮತ್ತೊಂದು ಹೂ. ನಲವತ್ತಕ್ಕೆ ಬಂದಾಗ ಮಾಂತ್ರಿಕ ಊದಿದ. ಕಾಯಿ ಬಿಂದಿಗೆಯಷ್ಟಾಯಿತು.

"ಮೊದಲಿಂದ!" ಎಂದರು ಮಕ್ಕಳು.

ಎಪ್ಪತ್ತಕ್ಕೆ ಮತ್ತೆ ಊದಿದ. ಕಾಯಿ ಹಂಡೆಯಷ್ಟಾಯಿತು.

"ಮೊದಲಿಂದ! ಊದಯ್ಯಾ, ನೀನು ಎಷ್ಟು ಊದಿದರೂ ನೂರೆಂಟೇ!"

ನೂರಕ್ಕೆ ಮೂರನೇ ಸಲ ಊದಿದ. ಕಾಯಿ ಗಾಡಿಯಷ್ಟಾಯಿತು. ಮಾಂತ್ರಿಕನ ಉಸಿರೆಲ್ಲ ಖರ್ಚಾಯಿತು. ಮಕ್ಕಳು ಮತ್ತೆ ಮೊದಲಿಂದ ಐಸಾ ಅಂತ ತಳ್ಳಿದರು. ನೂರಾರು, ನೂರೇಳು, ನೂರೆಂಟು. ಈರಯ್ಯ ಸಾಸಿವೆ ಇಟ್ಟ.

ಕಾಯಿ ಒಡೆಯಿತು. ಚೀಲ ಹರಿಯಿತು. ಸೂರ್ಯ ಎದ್ದ. ಹಿಂದೆಯೇ ಏಳು ಗ್ರಹಗಳು ತಂತಮ್ಮ ದಾರಿ ಹಿಡಿದವು. ಉಸಿರಿಲ್ಲದ ಮಸಿಕಣ್ಣ ಮಡಿಕೆ ಮಡಿಕೆಯಾಗಿ ಕುಸಿದು ಖಾಲಿ ಚೀಲವಾದ.

ಬಿಸಿಲು ಕಲ್ಲಿನ ಮೇಲೆ ಬಿತ್ತು. ನೀಲಮ್ಮ ಕಣ್ಣು ಬಿಟ್ಟಳು.

"ಎಷ್ಟು ಮೊಳ ಆಯ್ತು?"

"ಮೊಳ ಅಲ್ಲ ಕಣೇ. ನೂರೆಂಟು ಕುಂಬಳಕಾಯಿ."

ಅವಳು ನಕ್ಕಳು. ಈರಯ್ಯ ಅವಳ ಮುಡಿಗೆ ಹೂವಿಟ್ಟ. ಹೂ ನಿಂತಿತು.

ಊರಿಗೆಲ್ಲ ಒಡೆದ ಕಾಯಿಯ ಹುಳಿ. ಚೀಲವಾದ ಮಸಿಕಣ್ಣನೊಳಗೆ ಶಾಲೆಯ ಸಾಸಿವೆ. ಬೆಳಗೂರಿನ ಜನ ಬಹುಕಾಲ ಸುಖವಾಗಿದ್ದರು. ಈರಯ್ಯ ಎಲ್ಲರಿಗೂ ಹೂವನ್ನು ಅಳೆದೇ ಕೊಟ್ಟ. ನೀಲಮ್ಮನಿಗೆ ಮಾತ್ರ ಎಂದೂ ಅಳೆಯಲಿಲ್ಲ.