ಜಯಾಬಾಯಿಯವರ ಮಡಿ ಕಲ್ಲು

“ನನ್ನ ಕಲ್ಲಿಗೆ ಮುಟ್ಟಿಸಿ ಕಲ್ಲಿಟ್ಟವರು ಯಾರು?”

ಜಯಾಬಾಯಿ ಕೇಳಿದ ರೀತಿಗೆ ಕಮರುನ್ನೀಸಾ ಒಂದು ಹೆಜ್ಜೆ ಹಿಂದೆ ಸರಿದಳು. ನಾಲ್ಕನೇ ಕ್ಲಾಸಿನ ಆ ಹುಡುಗಿ ಸ್ಕೂಲಿನಲ್ಲಿ ಎತ್ತುವಂತೆ ಮೆಲ್ಲಗೆ ಕೈ ಎತ್ತಿದಳು.

ರಾಯಚೂರಿನ ಆ ರೇಷನ್ ಅಂಗಡಿಗೆ ಸೀಮೆಎಣ್ಣೆ ಬರದೆ ಹದಿನೈದು ದಿನವಾಗಿತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತ ನಿಲ್ಲಲು ಯಾರಿಗೆ ಪುರುಸೊತ್ತಿದೆ? ಅದಕ್ಕೇ ಜನರ ಬದಲು ಅವರ ಕಲ್ಲು, ಇಟ್ಟಿಗೆಗಳು ಪಾಳಿಯಲ್ಲಿ ನಿಂತಿದ್ದವು. ಎಲ್ಲಕ್ಕಿಂತ ಮುಂದೆ ಲಾಲ್ ಸಾಬರ ಹರಿದ ಚಪ್ಪಲಿ, ಅದರ ಹಿಂದೆ ಜಯಾಬಾಯಿಯವರ ಕಲ್ಲು. ಚಪ್ಪಲಿ ತಾಗಿದರೆ ಮಡಿ ಕೆಡುತ್ತದಲ್ಲ, ಅದಕ್ಕೆ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದರು.

ಮಾನ್ವಿಯಿಂದ ಬಂದು ಎಂಟೇ ದಿನವಾದ ಕಮರುಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಖಾಲಿ ಜಾಗ ಕಂಡಿತು, ತನ್ನ ಕಲ್ಲು ತುರುಕಿದಳು.

ಪಾಳಿಯವರೆಲ್ಲ ತಂತಮ್ಮ ಕಲ್ಲುಗಳ ಪರವಾಗಿ ಜಗಳಕ್ಕೆ ಬಂದರು. ಕಲ್ಲಿಗೇನು ತಿಳಿಯುತ್ತದೆ, ಬಿಡಿ ಎಂದರು ಲಾಲ್ ಸಾಬರು. ಯಾರೂ ಕೇಳಲಿಲ್ಲ. ಕಮರುವಿನ ಕಲ್ಲನ್ನು ಕಟ್ಟಕಡೆಗೆ, ಖಾಜಾಮಿಯಾನ ಹಳೇ ಬೂಟಿನ ಹಿಂದೆ ಇಟ್ಟರು. ಅದು ಐವತ್ತೆರಡನೆಯದು. ಪ್ರತಿ ಸಲ ಬರುವುದು ಒಂದೇ ಬ್ಯಾರಲ್ ಎಣ್ಣೆ, ಅದು ನಲವತ್ತು ಮನೆಗೇ ಮುಗಿದುಹೋಗುತ್ತದೆ.

“ಅಮ್ಮಿ ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ಕರೀತಾಳ್ರಿ. ಮೂರು ದಿನ ಆತು, ಸ್ಟೋವ್ ಹಚ್ಚಿಲ್ಲ,” ಎಂದಳು ಕಮರು. ಅಳು ಬಂದೇಬಿಟ್ಟಿತು.

ಜಯಾಬಾಯಿ ಮೈಲಿಗೆಯಾದ ಕಲ್ಲು ತೊಳೆಯಬೇಕೆಂದು ಕೊಡ ತರಲು ಹೋದರು.

ಮರುದಿನ ಕಮರು ಸ್ಕೂಲು ಬಿಟ್ಟು ಬರುವಾಗ ಅಂಗಡಿಯ ಮುಂದೆ ಬ್ಯಾರಲ್ ಇಳಿಸುತ್ತಿದ್ದರು. ಪಾಳಿಯ ಕೊನೆಗೆ ಓಡಿದಳು. ಬೂಟು ಇತ್ತು, ಅವಳ ಕಲ್ಲು ಇರಲಿಲ್ಲ. ಯಾರೋ ಎತ್ತಿ ಎಸೆದಿದ್ದಾರೆ ಎಂದುಕೊಂಡಳು. ಈ ಊರೇ ಬೇಡ, ಮಾನ್ವಿಗೆ ವಾಪಸ್ ಹೋಗಬೇಕು ಅನಿಸಿತು.

“ಏ ಹುಡುಗಿ, ಡಬ್ಬಿ ಎಲ್ಲೆದ?”

ಮುಂದುಗಡೆ ನಿಂತು ಕರೆದವರು ಜಯಾಬಾಯಿ. ಕೊನೆಯ ಕಲ್ಲು ಮುಂದೆ ಹೇಗೆ ಬಂತು ಎಂದು ಜನ ಅವರನ್ನು ಮುತ್ತಿಕೊಂಡಿದ್ದರು.

“ಎರಡೂ ಕಲ್ಲು ಒಂದೇ ಕೊಡದ ನೀರಿನಾಗ ತೊಳದೀನಿ. ತೊಳದ ಕಲ್ಲು ಬೂಟಿನ ಹತ್ರ ಇಡಲಿಕ್ಕೆ ಬರೂದಿಲ್ಲ,” ಎಂದರು ಜಯಾಬಾಯಿ.

ಮಡಿಯ ವಿಷಯದಲ್ಲಿ ಅವರೊಡನೆ ವಾದ ಮಾಡುವ ಎದೆಗಾರಿಕೆ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಜನ ಗೊಣಗುತ್ತ ಚದುರಿದರು.

ಕಮರು ಬಗ್ಗಿ ನೋಡಿದಳು. ಅವಳ ಕಲ್ಲು ಜಯಾಬಾಯಿಯವರ ಕಲ್ಲಿಗೆ ಒತ್ತಿಕೊಂಡು ಕೂತಿತ್ತು. ನಡುವೆ ಕಿರುಬೆರಳು ತೂರಿಸಲು ನೋಡಿದಳು. ತೂರಲಿಲ್ಲ.

ಡಬ್ಬಿ ತರಲು ಮನೆಗೆ ಓಡಿದಳು. ನಮ್ಮ ಓಣಿಗೆ ಎಣ್ಣೆ ಬಂದಿದೆ ಎಂದು ಅಮ್ಮಿಗೆ ದೂರದಿಂದಲೇ ಕೂಗಿ ಹೇಳಿದಳು.